ಎರಡನೇ ಕ್ಯಾಮೆರಾದ ಸಂಭಾವನೆ ಎಷ್ಟು?

ಅಂತರಪಟ ಹಿಡಿದಿರುವಾಗ ಒಂದೇ ಕ್ಯಾಮೆರಾಗೆ ಎರಡೂ ಮುಖ ಸಿಗುವುದಿಲ್ಲ. ಬಟ್ಟೆಯ ಈಚೆಗೆ ವರ, ಆಚೆಗೆ ಸೋದರಮಾವ ಕರೆತಂದು ನಿಲ್ಲಿಸಿದ ವಧು. ಇಬ್ಬರ ಕೈಯಲ್ಲೂ ಜೀರಿಗೆ ಬೆಲ್ಲ. ಮಂಗಳಾಷ್ಟಕ ಮುಗಿಯುತ್ತಾ ಬಂದಂತೆ ವಾಲಗದವರು ಪುರೋಹಿತರ ಕೈಸನ್ನೆಗೆ ಕಾಯುತ್ತಾರೆ. ಪಟ ಸರಿಯುತ್ತದೆ, ಗಟ್ಟಿಮೇಳ ಮೊಳಗುತ್ತದೆ, ಎರಡು ಕೈಗಳು ಒಟ್ಟಿಗೇ ಮೇಲೇಳುತ್ತವೆ. ಮೂರು–ನಾಲ್ಕು ಸೆಕೆಂಡಿನಲ್ಲಿ ಎಲ್ಲ ಮುಗಿದಿರುತ್ತದೆ. ವರನ ಹೆಗಲ ಹಿಂದಿನಿಂದ ವಧುವಿನ ಮುಖ ಹಿಡಿದವರಿಗೆ ವರನ ಮುಖ ದಕ್ಕಿರುವುದಿಲ್ಲ. ಅದೂ ಬೇಕೆಂದರೆ ವಧುವಿನ ಹಿಂದೆ ಇನ್ನೊಬ್ಬರು ಕಣ್ಣಿಗೆ ಕ್ಯಾಮೆರಾ ಇಟ್ಟು ನಿಂತಿರಲೇಬೇಕು.

ಅದಕ್ಕಿಂತ ಮುಂಚೆಯೇ ಇಂಥ ಇಕ್ಕಟ್ಟು ಶುರುವಾಗಿರುತ್ತದೆ. ವರ ಕೊಡೆ ಹಿಡಿದು ಕಾಶಿಯಾತ್ರೆಗೆಂದು ಛತ್ರದ ಬಾಗಿಲಾಚೆ ಹೊರಟಿರುತ್ತಾನೆ. ಅದೇ ಹೊತ್ತಿಗೆ ವಧು ಒಳಗೆ ಗೌರಿಪೂಜೆಗೆ ಕುಳಿತಿರುತ್ತಾಳೆ. ಎರಡೂ ಆಲ್ಬಂಗೆ ಬೇಕು. ಹಾಗಾಗಿ ಸ್ಟುಡಿಯೋದವರು ಕೊಟೇಶನ್ ಕೊಡುವಾಗಲೇ ಎರಡು ಕ್ಯಾಮೆರಾ ಎಂದು ಬರೆಯುತ್ತಾರೆ, ಅದಕ್ಕೆ ತಕ್ಕ ಹಣವನ್ನೂ ಕೇಳುತ್ತಾರೆ. ಮೊದಲನೆಯದು ಅವರದೇ. ಎರಡನೆಯದಕ್ಕೆ ಹುಡುಕಾಟ ಆಮೇಲೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಡೆಯುತ್ತದೆ.

"15ಕ್ಕೆ ರಿಸೆಪ್ಷನ್, 16ಕ್ಕೆ ಮುಹೂರ್ತ. ಕ್ಯಾಂಡಿಡ್‌ಗೆ ಒಬ್ರು ಬೇಕು. ಸೋನಿ ಬಾಡಿ, ಸ್ವಂತ ಲೆನ್ಸ್ ಇರ್ಬೇಕು. ಬಜೆಟ್ ಕಮ್ಮಿ ಇದೆ."

"ಅಣ್ಣಾ ನಾನು ಫ್ರೀ. ಎಷ್ಟು ಕೊಡ್ತೀರ?"

"ನೀನೇ ಹೇಳಪ್ಪ."

ಈ 'ನೀನೇ ಹೇಳಪ್ಪ'ದಲ್ಲೇ ಹುಡುಗ ಸೋಲುವುದು. ಹೆಚ್ಚು ಹೇಳಿದರೆ ಗುಂಪಿನಲ್ಲಿ ಇನ್ನೊಬ್ಬ ಕಡಿಮೆ ಹೇಳುತ್ತಾನೆ ಎಂಬ ಹೆದರಿಕೆ. ಕಡಿಮೆ ಹೇಳಿದರೆ ಅಣ್ಣ ಮುಂದಿನ ಸಲವೂ ಅಷ್ಟಕ್ಕೇ ಕರೆಯುತ್ತಾನೆ. ಯಾವುದರ ಮೇಲೆ ಲೆಕ್ಕ ಹಾಕಬೇಕು ಎಂಬುದು ಕೇಳುವವನಿಗೂ ಕೊಡುವವನಿಗೂ ಸ್ಪಷ್ಟವಿಲ್ಲದಿರುವುದೇ ಇಲ್ಲಿನ ತೊಡಕು. ಒಬ್ಬ ಗಂಟೆ ಎಣಿಸುತ್ತಾನೆ, ಇನ್ನೊಬ್ಬ ಪ್ಯಾಕೇಜಿನಲ್ಲಿ ಶೇಕಡಾವಾರು ಪಾಲು ಕೇಳುತ್ತಾನೆ, ಮತ್ತೊಬ್ಬ ಹೋದ ವರ್ಷ ಗೆಳೆಯನಿಗೆ ಸಿಕ್ಕಿದ್ದನ್ನೇ ಕೇಳುತ್ತಾನೆ. ನನ್ನ ಪ್ರಕಾರ ಎಣಿಸಬೇಕಾದದ್ದು ಡೇಟು. ಎರಡನೇ ಛಾಯಾಗ್ರಾಹಕ ಮಾರುವ ಸರಕು ಅದೊಂದೇ, ಮತ್ತು ಅದು ಪಂಚಾಂಗದಲ್ಲಿ ಇದ್ದಷ್ಟೇ ಇರುತ್ತದೆ.

ಫಿಲ್ಮ್ ಕಾಲದಲ್ಲಿ ಈ ಪ್ರಶ್ನೆ ಇರಲಿಲ್ಲ. ಒಂದು ರೋಲಿಗೆ 36 ಚಿತ್ರ. ರೋಲು, ತೊಳೆಯುವುದು, ಪ್ರಿಂಟು ಎಂದು ಪ್ರತಿ ಕ್ಲಿಕ್ಕಿಗೂ ದುಡ್ಡು ಬೀಳುತ್ತಿತ್ತು. ಸ್ಟುಡಿಯೋ ಮಾಲೀಕರು ಒಬ್ಬರೇ ಬಂದು ಎಣಿಸಿ ಎಣಿಸಿ ತೆಗೆಯುತ್ತಿದ್ದರು. ಜತೆಗೆ ಬರುತ್ತಿದ್ದ ಹುಡುಗ ಲೈಟು ಹಿಡಿಯುತ್ತಿದ್ದ, ಬ್ಯಾಗು ಕಾಯುತ್ತಿದ್ದ. ಡಿಜಿಟಲ್ ಬಂದ ಮೇಲೆ ಕ್ಲಿಕ್ಕಿನ ಖರ್ಚು ಇಲ್ಲವಾಯಿತು, ಎರಡನೇ ಕ್ಯಾಮೆರಾ ತರುವುದು ಸಾಧ್ಯವಾಯಿತು. ಜನ ಪೋಸು ಕೊಟ್ಟ ಗುಂಪು ಫೋಟೋದ ಜತೆಗೆ ಅಜ್ಜಿ ಕಣ್ಣೊರೆಸಿಕೊಂಡದ್ದು, ಮಕ್ಕಳು ಮಂಟಪದ ಹಿಂದೆ ಜಗಳವಾಡಿದ್ದು ಎಲ್ಲ ಬೇಕೆನ್ನತೊಡಗಿದರು. ಲೈಟ್ ಹಿಡಿಯುತ್ತಿದ್ದ ಹುಡುಗನ ಜಾಗಕ್ಕೆ ಈಗ ಸ್ವಂತ ಕ್ಯಾಮೆರಾ ಕೊಂಡು, ಸ್ವಂತ ಕಣ್ಣಿನಿಂದ ಚಿತ್ರ ಹುಡುಕುವವನು ಬಂದಿದ್ದಾನೆ. ಸಂಭಾವನೆ ಮಾತ್ರ ಅನೇಕ ಕಡೆ ಇನ್ನೂ ಲೈಟ್ ಹುಡುಗನ ಕಾಲದ ಲೆಕ್ಕದಲ್ಲೇ ಇದೆ.

ಪಂಚಾಂಗಕ್ಕೆ ಬರೋಣ. ಆಷಾಢದಲ್ಲಿ ಮದುವೆ ಇಲ್ಲ. ಪಿತೃಪಕ್ಷದಲ್ಲಿ ಇಲ್ಲ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ ಧನುರ್ಮಾಸ. ಅಧಿಕಮಾಸ ಬಂದರೆ ಇನ್ನೊಂದು ತಿಂಗಳು ಹೋಯಿತು: 2023ರಲ್ಲಿ ಶ್ರಾವಣ ಅಧಿಕವಾಗಿ ಬಂದಿತ್ತು, 2026ಕ್ಕೆ ಜ್ಯೇಷ್ಠ ಅಧಿಕ, ಅದೂ ಸೀಸನ್ನಿನ ನಡುವೆ, ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ. ಗುರುವೋ ಶುಕ್ರನೋ ಅಸ್ತವಾದರೆ ಮುಹೂರ್ತ ಇಡದ ಮನೆತನಗಳಿವೆ. 2024ರ ಮೇ ತಿಂಗಳಲ್ಲಿ ಎರಡೂ ಒಟ್ಟಿಗೆ ಅಸ್ತವಾಗಿ ಬೇಸಿಗೆಯ ಸೀಸನ್ನಿಗೇ ಪೆಟ್ಟು ಬಿತ್ತು. ಉಳಿದ ದಿನಗಳಲ್ಲೂ ಭಾನುವಾರಕ್ಕೆ ಹತ್ತಿರದ ಲಗ್ನವನ್ನೇ ಜನ ಹುಡುಕುತ್ತಾರೆ. ಕರಾವಳಿಯ ಕೆಲವು ಗೆಳೆಯರು ಚರ್ಚ್ ಮದುವೆ, ನಿಖಾಗಳಿಂದ ಖಾಲಿ ದಿನಗಳನ್ನು ತುಂಬಿಸಿಕೊಳ್ಳುತ್ತಾರೆ. ಆದರೆ ಕ್ರೈಸ್ತರ ತಪಸ್ಸು ಕಾಲದಲ್ಲಿ, ರಂಜಾನ್ ತಿಂಗಳಲ್ಲಿ ಅಲ್ಲೂ ಮದುವೆ ವಿರಳ.

ಒಳ್ಳೆಯ ಮುಹೂರ್ತದ ದಿನ ಊರಿನ ಎಲ್ಲ ಛತ್ರಗಳೂ ಭರ್ತಿ, ಎಲ್ಲ ಕ್ಯಾಮೆರಾಗಳಿಗೂ ಕೆಲಸ. ಮರುದಿನ ಯಾರಿಗೂ ಇಲ್ಲ. ಆ ದಿನವನ್ನು ಒಬ್ಬರಿಗೆ ಕೊಟ್ಟ ಮೇಲೆ ಇನ್ನೊಬ್ಬರಿಗೆ ಕೊಡಲಾಗದು. ಆರು ಗಂಟೆ ಕೆಲಸ ಮಾಡಿದರೂ ಹನ್ನೆರಡು ಗಂಟೆ ಮಾಡಿದರೂ ಹೋದದ್ದು ಒಂದು ಡೇಟು. ವಾಲಗದವರೂ ಅಡುಗೆ ಭಟ್ಟರೂ ಇದನ್ನು ಚೆನ್ನಾಗಿ ಅರಿತಿದ್ದಾರೆ. ಅವರು ಯಾವತ್ತೂ ಗಂಟೆಗೆ ಇಷ್ಟು ಎಂದವರಲ್ಲ, ಮದುವೆಗೆ ಇಷ್ಟು ಎನ್ನುತ್ತಾರೆ.

ಈಗ ಕಾಗದ ಪೆನ್ನು ಹಿಡಿದು ಒಂದು ಲೆಕ್ಕ ಹಾಕಿ ನೋಡೋಣ. ಇದು ಯಾರ ರೇಟ್ ಕಾರ್ಡೂ ಅಲ್ಲ. ಅಂಕಿಗಳನ್ನು ನಾನು ಇಟ್ಟುಕೊಂಡಿದ್ದೇನೆ, ನಿಮ್ಮವನ್ನು ನೀವು ಹಾಕಿಕೊಳ್ಳಬಹುದು. ಒಂದು ಫುಲ್ ಫ್ರೇಮ್ ಬಾಡಿ, ಎರಡು ಲೆನ್ಸ್, ಫ್ಲ್ಯಾಶ್, ಬ್ಯಾಟರಿ, ಕಾರ್ಡುಗಳು, ಬ್ಯಾಗು ಸೇರಿ 4 ಲಕ್ಷ ರೂಪಾಯಿ ಎನ್ನೋಣ. ನಾಲ್ಕು ವರ್ಷ ದುಡಿಸಿಕೊಂಡರೆ ವರ್ಷಕ್ಕೆ 1 ಲಕ್ಷ. ಸರ್ವಿಸ್, ವಿಮೆ, ಕೆಟ್ಟುಹೋದ ಕಾರ್ಡು ಇತ್ಯಾದಿಗೆ ಇನ್ನು 20 ಸಾವಿರ. ವರ್ಷಕ್ಕೆ 60 ದಿನ ಕೆಲಸ ಸಿಕ್ಕರೆ, ಉಪಕರಣದ ಸವೆತವೇ ದಿನಕ್ಕೆ 2,000 ರೂಪಾಯಿ. ಓಡಾಟಕ್ಕೆ 500. ಇಂಥವನಿಗೆ ದಿನಕ್ಕೆ 4,000 ಕೊಟ್ಟರೆ ಅವನ ದುಡಿಮೆಗೆ ಉಳಿಯುವುದು 1,500. ಅರವತ್ತು ದಿನಕ್ಕೆ 90 ಸಾವಿರ. ತಿಂಗಳಿಗೆ ಹಂಚಿದರೆ 7,500 ರೂಪಾಯಿ. ಇದರಲ್ಲಿ ಮನೆ ಬಾಡಿಗೆ ಕಟ್ಟಿ, ಅಪ್ಪ ಅಮ್ಮನಿಗೆ ಔಷಧ ತಂದು ಬದುಕು ಎಂದು ಯಾರಿಗೆ ಹೇಳಲು ಬಾಯಿ ಬರುತ್ತದೆ?

ಅದೇ ಲೆಕ್ಕವನ್ನು ತಿರುಗಿಸಿ ಹಾಕಿ. ತಿಂಗಳಿಗೆ 25 ಸಾವಿರ ಮನೆಗೆ ಬರಬೇಕೆಂದರೆ ವರ್ಷಕ್ಕೆ 3 ಲಕ್ಷ, ಅರವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 5,000. ಸವೆತ, ಓಡಾಟ ಸೇರಿಸಿದರೆ 7,500. ಉಳಿದ ದಿನಗಳಲ್ಲಿ ನಾಮಕರಣ, ಶಾಲೆಯ ವಾರ್ಷಿಕೋತ್ಸವ, ಅಂಗಡಿಗಳ ಪ್ರಾಡಕ್ಟ್ ಫೋಟೋ ಸಿಗುವವರಿಗೆ ಈ ಮೊತ್ತ ಸ್ವಲ್ಪ ಇಳಿಯಬಹುದು, ಸಾಲದ ಕಂತು ಇರುವವರಿಗೆ ಏರಬಹುದು. ಊರಿಂದ ಊರಿಗೂ ವ್ಯತ್ಯಾಸ ಇದ್ದೇ ಇದೆ. ಮಾತಿಗೆ ಕೂರುವ ಮೊದಲು ತನ್ನ ಈ ಒಂದು ಅಂಕಿ ಗೊತ್ತಿದ್ದವನಿಗೆ 'ನೀನೇ ಹೇಳಪ್ಪ' ಎಂದಾಗ ತಡವರಿಸಬೇಕಿಲ್ಲ. ಅದಕ್ಕಿಂತ ಕೆಳಗೆ ಹೋದರೆ ಅವನು ತನ್ನ ಕ್ಯಾಮೆರಾವನ್ನು ಬೇರೆಯವರ ಮದುವೆಗೆ ಪುಕ್ಕಟೆ ಕೊಟ್ಟಂತೆ.

ಸವೆತ ಎಂದರೆ ಬರೀ ಲೆಕ್ಕಪತ್ರದ ಮಾತು ಎಂದುಕೊಳ್ಳಬೇಡಿ. ಮದುವೆಗಳಲ್ಲಿ ಬಹಳ ಕಾಣುವ ಸೋನಿ ಎ7 3 ಮಾದರಿಯ ಶಟರನ್ನು ಕಂಪನಿ 2 ಲಕ್ಷ ಕ್ಲಿಕ್ಕಿಗೆ ಪರೀಕ್ಷಿಸಿದೆ. ಒಂದು ಮದುವೆಗೆ ನಾಲ್ಕು ಸಾವಿರ ಕ್ಲಿಕ್ ಆದರೆ ಐವತ್ತು ಮದುವೆಗೆ ಆ ಎಣಿಕೆ ಮುಗಿಯಿತು. ಶಬ್ದವಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿ ಉಳಿಸಿಕೊಳ್ಳೋಣವೆಂದರೆ ಛತ್ರದ ಎಲ್‌ಇಡಿ ದೀಪಗಳ ಕೆಳಗೆ ಚಿತ್ರದ ಮೇಲೆ ಪಟ್ಟೆ ಪಟ್ಟೆ ಬೀಳುತ್ತದೆ. ಹಾಗಾಗಿ ಮೆಕ್ಯಾನಿಕಲ್ ಶಟರೇ ಬೇಕು. ಧಾರೆಯ ನೀರು, ಹೋಮದ ಹೊಗೆ, ಎರಚಿದ ಅಕ್ಷತೆ, ಹಳದಿ ಶಾಸ್ತ್ರದ ಅರಿಶಿನ ಎಲ್ಲ ಲೆನ್ಸಿನ ಮೇಲೇ ಬೀಳುವುದು. ಸವೆತದ ಈ ಅಂದಾಜು ಸರಿಯಿದೆಯೇ ಎಂದು ನೋಡಲು ಸುಲಭದ ದಾರಿಯೊಂದಿದೆ: ಅದೇ ಬಾಡಿ, ಅದೇ ಲೆನ್ಸನ್ನು ಬಾಡಿಗೆ ಅಂಗಡಿಯಲ್ಲಿ ಒಂದು ದಿನಕ್ಕೆ ಎಷ್ಟು ಕೇಳುತ್ತಾರೆ ಎಂದು ವಿಚಾರಿಸುವುದು. 'ಸ್ವಂತ ಕ್ಯಾಮೆರಾ ಇರಬೇಕು' ಎಂದು ಷರತ್ತು ಹಾಕುವ ಸ್ಟುಡಿಯೋ ಆ ಬಾಡಿಗೆಯನ್ನು ಉಳಿಸಿಕೊಳ್ಳುತ್ತಿರುತ್ತದೆ. ಕ್ಯಾಮೆರಾ ಸ್ಟುಡಿಯೋದ್ದೇ ಆದರೆ ಸವೆತದ ಭಾಗವನ್ನು ಕಳೆದು ಮಾತಾಡುವುದು ನ್ಯಾಯ.

ಡೇಟು ಎಂದೆ. ಒಂದು ಡೇಟು ಎಂದರೆ ಎಷ್ಟು? ನಿಜವಾದ ಜಗಳ ಇರುವುದು ಇಲ್ಲಿ. ಬೆಂಗಳೂರು, ಮೈಸೂರು ಕಡೆ ಹಿಂದಿನ ಸಂಜೆಯೇ ಆರತಕ್ಷತೆ. ಸಂಜೆ ಐದಕ್ಕೆ ಹುಡುಗಿಯ ಮೇಕಪ್ಪಿನಿಂದ ಹಿಡಿದರೆ ಸಾಲಿನಲ್ಲಿ ನಿಂತ ಕೊನೆಯ ನೆಂಟರು ವೇದಿಕೆಯಿಂದ ಇಳಿಯುವಾಗ ಹನ್ನೊಂದು. ಮುಹೂರ್ತ ಬೆಳಗಿನ ಜಾವವಾದರೆ ಮೂರೂವರೆಗೆ ಎದ್ದಿರಬೇಕು. ನಡುವಿನ ನಿದ್ದೆ ಛತ್ರದ ಹಾಲಿನಲ್ಲಿ, ಬ್ಯಾಗು ತಲೆದಿಂಬು. ಇದನ್ನು ಕೆಲವರು 'ಒಂದು ಇವೆಂಟ್' ಎಂದು ಒಂದೇ ದಿನದ ಹಣ ಕೊಡುತ್ತಾರೆ, ಕೆಲವರು ಒಂದೂವರೆ ಎನ್ನುತ್ತಾರೆ. ಹಿಂದಿನ ಸಂಜೆ ಅವನು ಬೇರೆ ಆರತಕ್ಷತೆಗೆ ಹೋಗಬಹುದಿತ್ತು, ಮರುದಿನ ಬೇರೆ ಮುಹೂರ್ತಕ್ಕೆ ಹೋಗಬಹುದಿತ್ತು. ಎರಡು ಡೇಟು ಹೋಗಿರುವಾಗ ಎರಡಕ್ಕೂ ಹಣ ಸಲ್ಲಬೇಕು. ಸಂಜೆಯ ಕೆಲಸ ಚಿಕ್ಕದೆಂದು ಅದರ ದರ ತುಸು ಕಡಿಮೆ ಮಾಡಿಕೊಳ್ಳುವುದು ಬೇರೆ ಮಾತು.

ಮಂಗಳೂರು ಕಡೆ ಹಿಂದಿನ ರಾತ್ರಿ ಮೆಹಂದಿ, ಮರುದಿನ ಮದುವೆ. ಉತ್ತರ ಕರ್ನಾಟಕದಲ್ಲಿ ಸುರಗಿ ಸುತ್ತುವುದು, ಅರಿಶಿನ, ಆಮೇಲೆ ಅಕ್ಷತೆ. ಕೊಡವರ ಮದುವೆಯಲ್ಲಂತೂ ವಧು ಬಾವಿಯಿಂದ ನೀರು ತರುವಾಗ ನೆಂಟರು ದಾರಿಗೆ ಅಡ್ಡ ನಿಂತು ವಾಲಗಕ್ಕೆ ಕುಣಿಯುತ್ತಾ ಗಂಟೆಗಟ್ಟಲೆ ಬಿಡುವುದಿಲ್ಲ. ಗಂಟೆ ಲೆಕ್ಕ ಹಿಡಿದ ಕ್ಯಾಮೆರಾದವನು ಅಲ್ಲಿ ಗಡಿಯಾರ ನೋಡುತ್ತಾ ನಿಲ್ಲಬೇಕೇ? ಯಾವ ಯಾವ ಶಾಸ್ತ್ರ, ಎಲ್ಲಿಂದ ಎಲ್ಲಿಯವರೆಗೆ ಎಂದು ಮೊದಲೇ ಮಾತಾಗಿದ್ದರೆ ಅವನು ಕುಣಿತವನ್ನು ನೋಡಬಹುದು. ಹೊರ ಊರಿನ ಮದುವೆಯಾದರೆ ಹೋಗುವ, ಬರುವ ದಿನಗಳೂ ಅವನ ಡೇಟುಗಳೇ. ಕೆಲಸದ ದಿನದ ಅರ್ಧವಾದರೂ ಅವಕ್ಕೆ ಕೊಡಬೇಕು.

ಸ್ಟುಡಿಯೋದವರ ಕಡೆಯಿಂದಲೂ ನೋಡಬೇಕು. ಪ್ಯಾಕೇಜ್ ಎರಡು ಲಕ್ಷ ಎಂದು ಕೇಳಿದ ಹುಡುಗನಿಗೆ ತನಗೆ ಸಿಕ್ಕ ಆರೇಳು ಸಾವಿರ ಅನ್ಯಾಯವೆನಿಸುತ್ತದೆ. ಆದರೆ ಮದುವೆ ಮುಗಿದ ಮೇಲೆ ಅವನು ಮನೆಗೆ ಹೋಗುತ್ತಾನೆ, ಸ್ಟುಡಿಯೋದವರಿಗೆ ಕೆಲಸ ಶುರುವಾಗುವುದೇ ಆಗ. ಸಾವಿರಾರು ಚಿತ್ರಗಳಿಂದ ಆರಿಸುವುದು, ಬಣ್ಣ ತಿದ್ದುವುದು, ಆಲ್ಬಂ ವಿನ್ಯಾಸ, ಅತ್ತೆಯ ಕಡೆಯವರ ಫೋಟೋ ಕಡಿಮೆಯಾಯಿತೆಂದು ಮೂರು ಸಲ ಬದಲಾವಣೆ, ಪ್ರಿಂಟು, ಹಾರ್ಡ್‌ಡಿಸ್ಕ್‌ನಲ್ಲಿ ವರ್ಷಗಟ್ಟಲೆ ಕಾಪಿಡುವುದು. ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದವರಿಗೆ ಜಿಎಸ್‌ಟಿ ಇದೆ, ಛಾಯಾಗ್ರಹಣ ಸೇವೆಗೆ ಶೇ 18. ಆಲ್ಬಂ ಸರಿಯಿಲ್ಲವೆಂದು ಮನೆಯವರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಕೊಟ್ಟರೆ ಆಯೋಗದ ಮುಂದೆ ನಿಲ್ಲಬೇಕಾದವರು ಸ್ಟುಡಿಯೋದವರು. ಹಾಗಾಗಿ ಪ್ಯಾಕೇಜಿನ ಶೇಕಡಾವಾರು ಪಾಲು ಕೇಳುವುದನ್ನು ನಾನು ಒಪ್ಪುವುದಿಲ್ಲ. ಶೇಕಡಾವಾರು ಲೆಕ್ಕ ಸಣ್ಣ ಪ್ಯಾಕೇಜಿನ ಮದುವೆಯಲ್ಲಿ ಎರಡನೆಯವನಿಗೇ ಮುಳುವಾಗುತ್ತದೆ: ಬಡವರ ಮನೆಯ ಮದುವೆಯಲ್ಲಿ ಓಡಾಟವೇನೂ ಕಡಿಮೆ ಇರುವುದಿಲ್ಲ, ಶಟರೂ ಕಡಿಮೆ ಸವೆಯುವುದಿಲ್ಲ.

ಕಲಿಯುವವರ ವಿಷಯ ಬೇರೆ ಎನ್ನುತ್ತಾರೆ. 'ಕೆಲಸ ಕಲಿಸ್ತಿದ್ದೀವಲ್ಲ, ಊಟ ಬಸ್ ಚಾರ್ಜು ಸಾಕು' ಎಂಬ ಮಾತು ಈ ವೃತ್ತಿಯಲ್ಲಿ ಬಹಳ ಹಳೆಯದು. ಒಂದೆರಡು ಮದುವೆಗೆ ಜತೆಯಲ್ಲಿ ಹೋಗಿ ಲೈಟ್ ಹಿಡಿದು, ಲೆನ್ಸ್ ಬದಲಿಸಿ ಕೊಟ್ಟು ನೋಡಿ ಕಲಿಯುವುದರಲ್ಲಿ ತಪ್ಪೇನಿಲ್ಲ. ಆದರೆ ಅವನು ತೆಗೆದ ಚಿತ್ರ ಆಲ್ಬಂ ಸೇರಿತೆಂದರೆ ಅವನು ಆ ದಿನ ಕಲಿತದ್ದರ ಜತೆಗೆ ಸ್ಟುಡಿಯೋಗೆ ದುಡಿದೂ ಕೊಟ್ಟಿದ್ದಾನೆ. ಆಲ್ಬಂಗೆ ಚಿತ್ರ ಹೋಯಿತೇ, ಸಂಭಾವನೆ ಕೊಡಬೇಕು. ಹೊಸಬನೆಂದು ದರ ಕಡಿಮೆ ಇರಬಹುದು, ಸೊನ್ನೆ ಇರಬಾರದು.

ಹೆಣ್ಣುಮಕ್ಕಳು ಈ ಕೆಲಸಕ್ಕೆ ಬಂದಿರುವುದು ನನಗೆ ಬಹಳ ಸಂತೋಷ ಕೊಟ್ಟಿರುವ ಬದಲಾವಣೆ. ವಧುವಿನ ಕೋಣೆಯಲ್ಲಿ ಸೀರೆ ಉಡಿಸುವಾಗ, ಅರಿಶಿನ ಹಚ್ಚುವಾಗ ಛಾಯಾಗ್ರಾಹಕಿ ಇರಲಿ ಎಂದು ಮನೆಯವರೇ ಕೇಳುತ್ತಾರೆ. ಆ ಬೇಡಿಕೆಯನ್ನು ತೋರಿಸಿ ಸ್ಟುಡಿಯೋ ಮದುವೆ ಹಿಡಿಯುತ್ತದೆ, ಆಮೇಲೆ ಅವಳನ್ನು 'ಎರಡನೆಯವಳು' ಎಂದು ಕಡಿಮೆ ದರಕ್ಕೆ ಕರೆಯುತ್ತದೆ. ರಾತ್ರಿ ಹನ್ನೊಂದಕ್ಕೆ ರಿಸೆಪ್ಷನ್ ಮುಗಿಸಿದ ಹುಡುಗನನ್ನು ಹಾಲಿನಲ್ಲಿ ಮಲಗು ಎನ್ನಬಹುದು (ಅದೂ ಸರಿಯಲ್ಲ), ಅವಳಿಗೆ ಚಿಲಕವಿರುವ ಒಂದು ಕೋಣೆ, ಇಲ್ಲವೇ ಮನೆ ತಲುಪಲು ಕ್ಯಾಬು ಬೇಕೇ ಬೇಕು. ಈ ಖರ್ಚನ್ನು ಅವಳ ಸಂಭಾವನೆಯಲ್ಲಿ ಮುರಿದುಕೊಳ್ಳುವಂತಿಲ್ಲ. ಅದು ಮದುವೆಯ ಖರ್ಚು, ಕೊಟೇಶನ್ನಿನಲ್ಲಿ ಬರೆದು ಮನೆಯವರಿಂದ ಪಡೆಯಬೇಕಾದದ್ದು.

ಹಣ ಯಾವಾಗ ಕೈಗೆ ಬರಬೇಕು? 'ಪಾರ್ಟಿ ಇನ್ನೂ ಬ್ಯಾಲೆನ್ಸ್ ಕೊಟ್ಟಿಲ್ಲ, ಆಲ್ಬಂ ಕೊಟ್ಟ ಮೇಲೆ ಹಾಕ್ತೀನಿ' ಎಂಬ ಮಾತನ್ನು ಕೇಳದ ಎರಡನೇ ಛಾಯಾಗ್ರಾಹಕ ಇರಲಾರ. ಆಲ್ಬಂ ಆರು ತಿಂಗಳಿಗೂ ಆಗಬಹುದು, ವರ್ಷಕ್ಕೂ ಆಗಬಹುದು; ಮನೆಯವರು ಫೋಟೋ ಆರಿಸಿಯೇ ಕೊಟ್ಟಿರುವುದಿಲ್ಲ. ಎರಡನೆಯವನ ಕೆಲಸ ಮಾತ್ರ ಮುಹೂರ್ತದ ದಿನ ಮೆಮೊರಿ ಕಾರ್ಡನ್ನು ಸ್ಟುಡಿಯೋದವರ ಲ್ಯಾಪ್‌ಟಾಪಿಗೆ ಹಾಕಿ, ಎರಡು ಕಡೆ ಕಾಪಿ ಆಗಿದೆ ಎಂದು ನೋಡಿಕೊಂಡ ಹೊತ್ತಿಗೆ ಮುಗಿಯಿತು. ಡೇಟು ಹಿಡಿಯುವಾಗ ಸ್ವಲ್ಪ ಅಡ್ವಾನ್ಸ್, ಉಳಿದದ್ದು ಕಾರ್ಡ್ ಕಾಪಿಯಾದ ದಿನವೇ, ತಪ್ಪಿದರೆ ಒಂದು ವಾರದೊಳಗೆ. ಪಾರ್ಟಿಯಿಂದ ಹಣ ವಸೂಲಿ ಮಾಡುವುದು ಸ್ಟುಡಿಯೋ ಹೊತ್ತ ಹೊರೆ. ಲಾಭವೂ ಅದಕ್ಕೇ ಸಲ್ಲುತ್ತದಲ್ಲ.

ಚಿತ್ರಗಳ ಹಕ್ಕಿನ ಬಗ್ಗೆ ತಪ್ಪು ತಿಳಿವಳಿಕೆ ಬಹಳ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೋದ ಕರ್ತೃ ಅದನ್ನು ತೆಗೆದವರು. ಆದರೆ ಹಣ ಕೊಟ್ಟು ಕೋರಿಕೆಯ ಮೇಲೆ ತೆಗೆಸಿದ ಫೋಟೋದ ಮೊದಲ ಮಾಲೀಕರು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರು ಎನ್ನುತ್ತದೆ 17ನೇ ಕಲಂ. ಅಂದರೆ 'ನಾನು ತೆಗೆದದ್ದು, ನನ್ನ ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತೇನೆ' ಎನ್ನಲು ಎರಡನೆಯವನಿಗೂ ಬರುವುದಿಲ್ಲ, ಕೇಳದೆ ಹಾಕಿಕೊಳ್ಳಲು ಸ್ಟುಡಿಯೋಗೂ ಬರುವುದಿಲ್ಲ. ಇಬ್ಬರೂ ಮನೆಯವರನ್ನು ಕೇಳಬೇಕು. ಹಾಗೆಯೇ 57ನೇ ಕಲಂ ಪ್ರಕಾರ, ಹಕ್ಕು ಯಾರ ಕೈ ಸೇರಿದರೂ 'ಇದನ್ನು ತೆಗೆದವನು ನಾನು' ಎಂದು ಹೇಳಿಕೊಳ್ಳುವ ಹಕ್ಕು ಕರ್ತೃವಿಗೆ ಉಳಿಯುತ್ತದೆ. ಸ್ಟುಡಿಯೋ ಪ್ರಕಟಿಸಿದ ಮೇಲೆ ಇಂತಿಷ್ಟು ಚಿತ್ರಗಳನ್ನು ಸ್ಟುಡಿಯೋ ಹೆಸರಿನೊಂದಿಗೆ ತನ್ನ ಪುಟದಲ್ಲಿ ಹಾಕಿಕೊಳ್ಳಲು ಅವನಿಗೆ ಒಪ್ಪಿಗೆ ಇರಲಿ. ನಾಳೆ ಅವನು ಸ್ವಂತ ಮದುವೆ ಹಿಡಿಯಬೇಕಾದರೆ ತೋರಿಸಲು ಅದೇ ಬಂಡವಾಳ. ಅವನೂ ಮದುವೆ ಮನೆಯಲ್ಲಿ ತನ್ನ ವಿಸಿಟಿಂಗ್ ಕಾರ್ಡ್ ಹಂಚಬಾರದು, ನೆಂಟರು ನಂಬರ್ ಕೇಳಿದರೆ ಸ್ಟುಡಿಯೋದ್ದನ್ನೇ ಕೊಡಬೇಕು. ಈ ನಿಯತ್ತು ಇದ್ದವರಿಗೆ ಮತ್ತೆ ಮತ್ತೆ ಕರೆ ಬರುವುದನ್ನು ಕಂಡಿದ್ದೇನೆ.

ಸರ್ಕಾರದ ರಕ್ಷಣೆ ಇಲ್ಲಿಗೆ ಅಷ್ಟಾಗಿ ತಲುಪಿಲ್ಲ. 2025ರಲ್ಲಿ ಕರ್ನಾಟಕ ತಂದ ಗಿಗ್ ಕಾರ್ಮಿಕರ ಕಾಯ್ದೆ ಆ್ಯಪ್‌ಗಳ ಮೂಲಕ ದುಡಿಯುವವರಿಗೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಡೇಟು ಹಿಡಿಯುವವರು ಅದರೊಳಗೆ ಬರುವುದಿಲ್ಲ. ಆದರೆ ರಾಜ್ಯದ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯ ಅಸಂಘಟಿತ ಕಾರ್ಮಿಕರ ಪಟ್ಟಿಯಲ್ಲಿ ಛಾಯಾಗ್ರಾಹಕರೂ ಇದ್ದಾರೆ. ನಸುಕಿನಲ್ಲಿ ನಿದ್ದೆಗಣ್ಣಿನಲ್ಲಿ ಬೈಕ್ ಓಡಿಸಿಕೊಂಡು ಛತ್ರಕ್ಕೆ ಹೋಗುವವರು ನೋಂದಣಿ ಮಾಡಿಸಿಕೊಳ್ಳುವುದನ್ನು ಮುಂದೂಡಬಾರದು.

ಕೊನೆಯದಾಗಿ, ಮದುವೆಯೇ ನಿಂತುಹೋದರೆ? ಸೂತಕ ಬರುತ್ತದೆ, ಸಂಬಂಧ ಮುರಿಯುತ್ತದೆ. 2020ರಲ್ಲಿ ಮದುವೆಗೆ 50 ಜನ ಮೀರಬಾರದೆಂಬ ನಿಯಮ ಬಂದಾಗ ಅನೇಕ ಕಡೆ ಮೊದಲು ಕೈಬಿಟ್ಟದ್ದು ಎರಡನೇ ಕ್ಯಾಮೆರಾವನ್ನು, ಅದೂ ಒಂದು ಫೋನಿನಲ್ಲಿ. ಮದುವೆ ಮುಂದೆ ಹೋದರೆ ಸ್ಟುಡಿಯೋ ತಾನು ಪಡೆದ ಅಡ್ವಾನ್ಸ್ ಇಟ್ಟುಕೊಳ್ಳುತ್ತದೆ, ಎರಡನೆಯವನ ಡೇಟು ಮಾತ್ರ ಸುಮ್ಮನೆ ಹೋಗುತ್ತದೆ. ಹದಿನೈದು ದಿನಕ್ಕಿಂತ ಮುಂಚೆ ತಿಳಿಸಿದರೆ ಅವನು ಬೇರೆ ಕೆಲಸ ಹುಡುಕಿಕೊಳ್ಳಬಹುದು, ಆಗ ಅಡ್ವಾನ್ಸ್ ಹಿಂದಿರುಗಿಸಲಿ ಅಥವಾ ಮುಂದಿನ ಡೇಟಿಗೆ ವಜಾ ಹಾಕಿಕೊಳ್ಳಲಿ. ಅದರ ನಂತರ ತಿಳಿಸಿದರೆ ಅಡ್ವಾನ್ಸ್ ಅವನದು. ಹಿಂದಿನ ದಿನ ತಿಳಿಸಿದರೆ ಅರ್ಧ ಹಣ. ಅವನೇ ಕೈಕೊಟ್ಟರೂ ಇದೇ ನ್ಯಾಯ: ಅಡ್ವಾನ್ಸ್ ಹಿಂದಿರುಗಿಸಿ, ತನ್ನ ಮಟ್ಟದ ಇನ್ನೊಬ್ಬರನ್ನು ಹುಡುಕಿ ಕೊಡಬೇಕು. ಇಷ್ಟಕ್ಕೆ ಛಾಪಾ ಕಾಗದ ಬೇಕಿಲ್ಲ. "ಅಣ್ಣಾ, 15 ಸಂಜೆ, 16 ಬೆಳಿಗ್ಗೆ, ಎರಡು ಡೇಟು. ಸ್ವಂತ ಬಾಡಿ, ಎರಡು ಲೆನ್ಸ್. ಒಟ್ಟು ಇಷ್ಟು, ಇವತ್ತು ಇಷ್ಟು ಅಡ್ವಾನ್ಸ್, ಉಳಿದದ್ದು 16ರ ಸಂಜೆ ಕಾರ್ಡ್ ಕೊಟ್ಟಾಗ. ಹದಿನೈದು ದಿನದೊಳಗೆ ಕ್ಯಾನ್ಸಲ್ ಆದ್ರೆ ಅಡ್ವಾನ್ಸ್ ವಾಪಸ್ ಇಲ್ಲ. ಓಕೆನಾ?" ಎಂದು ಒಂದು ಮೆಸೇಜು, ಅದಕ್ಕೆ ಆ ಕಡೆಯಿಂದ ಒಂದು "ಓಕೆ" ಇದ್ದರೆ ಸಾಕು.